ಎಲ್ಲಿ ಬೇಕಾದರೂ ನಿಲ್ಲುತ್ತೇನೆ

ಹನ್ನೊಂದು ವರ್ಷ ನಾನು ಸಂಬಳ ತೆಗೆದುಕೊಂಡು ಬೇಸ್‌ಬಾಲ್ ಆಡಿದ್ದೇನೆ. ಇದನ್ನು ಮಂಗಳೂರಿನಲ್ಲಿ ಹೇಳಿದರೂ ನಂಬುವುದಿಲ್ಲ, ಐರ್ಲೆಂಡಿನಲ್ಲಿ ಹೇಳಿದರೂ ನಂಬುವುದಿಲ್ಲ. ಮಂಗಳೂರಿನವರು "ಕ್ರಿಕೆಟ್ ಅಲ್ವಾ?" ಎಂದು ತಿದ್ದುತ್ತಾರೆ. ಇಲ್ಲಿಯವರು ತಲೆ ಒಂದು ಬದಿಗೆ ವಾಲಿಸಿ, "ಇಂಡಿಯಾದಲ್ಲೂ ಅದನ್ನ ಆಡ್ತಾರಾ?" ಎನ್ನುತ್ತಾರೆ. ಆಡುತ್ತಾರೆ. ಜಿಲ್ಲಾ ತಂಡಗಳಿವೆ, ರಾಜ್ಯ ತಂಡಗಳಿವೆ, ಆಟಗಾರರಿಗೆ ಕ್ರೀಡಾ ಕೋಟಾದಲ್ಲಿ ಕೆಲಸ ಕೊಡುವ ಸರ್ಕಾರಿ ಇಲಾಖೆಗಳಿವೆ. ನೋಡುವವರಿಲ್ಲ, ಅಷ್ಟೇ.

ನಾನು ಶಾಲೆಯಲ್ಲಿ ವಿಕೆಟ್‌ಕೀಪರ್ ಆಗಿದ್ದವನು. ಎರಡನೆಯ ಪಿಯುಸಿಯಲ್ಲಿದ್ದಾಗ ಒಂದು ದಿನ ನಮ್ಮ ಪಿಟಿ ಮಾಸ್ತರು ಕಾರಿಡಾರಿನಲ್ಲಿ ತಡೆದು ನಿಲ್ಲಿಸಿದರು. ಬೆಂಗಳೂರಿನಲ್ಲಿ ರಾಜ್ಯಮಟ್ಟದ ಬೇಸ್‌ಬಾಲ್ ಪಂದ್ಯ, ಜಿಲ್ಲಾ ತಂಡದಲ್ಲಿ ಎಂಟೇ ಹುಡುಗರು, ಒಂಬತ್ತನೆಯವನು ಕೈ ಮುರಿದುಕೊಂಡಿದ್ದ.

"ನಿಂಗೆ ಬಾಲ್ ಅಂದ್ರೆ ಹೆದರಿಕೆ ಇಲ್ಲ ಅಲ್ವಾ?"

"ಇಲ್ಲ ಸಾರ್."

"ಸಾಕು. ಸಂಜೆ ಬಸ್ಸಿಗೆ ಬಂದ್ಬಿಡು."

ಆ ಪ್ರಯಾಣದಲ್ಲಿ ಮಾಸ್ತರು ಒಂದು ನೋಟ್‌ಬುಕ್ಕಿನ ಹಾಳೆಯ ಮೇಲೆ ಮೈದಾನದ ಚಿತ್ರ ಬರೆದು ತೋರಿಸಿದರು. ಮಧ್ಯದಲ್ಲಿ ಚೆಂಡೆಸೆಯುವ ಪಿಚರ್. ಬ್ಯಾಟ್ ಹಿಡಿದವನ ಹಿಂದೆ ಕುಕ್ಕರುಗಾಲಲ್ಲಿ ಕೂರುವ ಕ್ಯಾಚರ್. ಓಡುವವರು ಮುಟ್ಟಬೇಕಾದ ಮೂರು ಬೇಸ್‌ಗಳ ಬಳಿ ಒಬ್ಬೊಬ್ಬರು. ಎರಡನೆಯ ಮತ್ತು ಮೂರನೆಯ ಬೇಸಿನ ನಡುವೆ ಶಾರ್ಟ್‌ಸ್ಟಾಪ್. ಅತಿ ಹೆಚ್ಚು ಚೆಂಡು, ಅತಿ ಜೋರಿನ ಚೆಂಡು ಬರುವುದು ಅಲ್ಲಿಗೆ. ಆಮೇಲೆ ದೂರದಲ್ಲಿ ಹುಲ್ಲಿನ ಮೇಲೆ ಮೂವರು. ಮೊದಲ ದಿನ ಆ ದೂರದ ಎಡಮೂಲೆಯಲ್ಲಿ ನಿಂತೆ. ಎರಡನೆಯ ದಿನ ಕ್ಯಾಚರನಿಗೆ ಜ್ವರ ಬಂತು. ವಿಕೆಟ್‌ಕೀಪರ್ ಅಲ್ಲವೇ ಎಂದು ನನ್ನನ್ನು ಕೂರಿಸಿದರು. ಮೂರನೆಯ ದಿನ ಎರಡನೆಯ ಬೇಸ್. ಎಲ್ಲಿ ನಿಲ್ಲಿಸಿದರೂ ತಪ್ಪು ಮಾಡಲಿಲ್ಲ. ಯಾವುದರಲ್ಲೂ ಜನ ಎದ್ದು ನಿಲ್ಲುವಂಥದ್ದನ್ನೂ ಮಾಡಲಿಲ್ಲ. ಆದರೆ ನೋಡಲು ಬಂದಿದ್ದ ಸರ್ಕಾರಿ ಇಲಾಖೆಯ ಅಧಿಕಾರಿಯೊಬ್ಬರು ನನ್ನ ಹೆಸರು ಬರೆದುಕೊಂಡರು.

ಪದವಿ ಮುಗಿಯುವ ಹೊತ್ತಿಗೆ ಅವರ ಇಲಾಖೆಯಲ್ಲಿ ನನಗೆ ಗುಮಾಸ್ತನ ಕೆಲಸ ಸಿಕ್ಕಿತು. ಬೆಳಿಗ್ಗೆ ಹಾಜರಿ ಹಾಕಿ ಎರಡು ಗಂಟೆ ಕಡತಗಳ ಹತ್ತಿರ ಕೂರುವುದು, ಆಮೇಲೆ ಮೈದಾನ. ಕೋಚ್ ಕೋಲಾರದ ಕಡೆಯವರು, ದಪ್ಪ ಮನುಷ್ಯ, ಎಲ್ಲರನ್ನೂ ಏಕವಚನದಲ್ಲಿ ಕರೆಯುತ್ತಿದ್ದರು. ಪ್ರತಿ ಪಂದ್ಯದ ಮುಂಚೆ ತಂಡದ ಪಟ್ಟಿ ಓದುವಾಗ ನನ್ನ ಹೆಸರು ಕೊನೆಗೆ ಬರುತ್ತಿತ್ತು. ಎಂಟು ಜನ ಅವರವರ ಜಾಗಕ್ಕೆ ಹೋದ ಮೇಲೆ ಯಾವುದು ಖಾಲಿ ಉಳಿಯಿತೋ ಅದು ನನ್ನದು.

"ಲೇ, ಇವತ್ತು ಥರ್ಡ್ ಬೇಸ್ ನಿಂತ್ಕೊಳೋ."

"ಸರಿ ಸಾರ್."

ಈ ಆಟದಲ್ಲಿ ಒಂದೊಂದು ಜಾಗಕ್ಕೆ ಒಂದೊಂದು ಬಗೆಯ ಕೈಗವಸು. ಉಳಿದವರ ಚೀಲದಲ್ಲಿ ಒಂದು ಇರುತ್ತಿತ್ತು, ನನ್ನದರಲ್ಲಿ ನಾಲ್ಕು. ರೈಲಿನಲ್ಲಿ ಹೋಗುವಾಗ ನನ್ನ ಚೀಲವೇ ಎಲ್ಲರದಕ್ಕಿಂತ ಭಾರ. ಮೊದಲ ಕೆಲವು ವರ್ಷ ಅದು ನನಗೆ ಜಂಬದ ವಿಷಯವಾಗಿತ್ತು. ಒಂದು ಪಂದ್ಯಾವಳಿಯಲ್ಲಿ ಐದು ದಿನದಲ್ಲಿ ಆರು ಜಾಗದಲ್ಲಿ ಆಡಿದೆ. ಇಷ್ಟು ಓಡಾಟದಿಂದ ನನ್ನಲ್ಲೊಂದು ಅಭ್ಯಾಸ ಬೆಳೆಯಿತು. ಎಲ್ಲಿ ನಿಂತಿದ್ದರೂ ಕಣ್ಣು ಉಳಿದ ಎಂಟು ಜಾಗಗಳ ಮೇಲೆ. ಯಾರು ಕುಂಟುತ್ತಿದ್ದಾರೆ, ಯಾರಿಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ, ಮುಂದೆ ನನ್ನನ್ನು ಎಲ್ಲಿಗೆ ಕರೆಯಬಹುದು. ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಕಚೇರಿಯ ಕುರ್ಚಿಯಲ್ಲೂ ಹಾಗೆಯೇ. ಪಕ್ಕದ ಮೇಜಿನ ಹಿರಿಯ ಮೇಡಂ ಒಮ್ಮೆ ನನ್ನ ಅಲ್ಲಾಡುವ ಮೊಣಕಾಲಿನ ಮೇಲೆ ಕಡತವನ್ನೇ ಇಟ್ಟರು. "ಇದು ಬಿದ್ರೆ ನೀವೇ ಜೋಡಿಸ್ಬೇಕು" ಎಂದರು.

ಇಪ್ಪತ್ತೇಳನೆಯ ವಯಸ್ಸಿನಲ್ಲಿ ಭಾರತ ತಂಡದ ಆಯ್ಕೆ ಶಿಬಿರಕ್ಕೆ ಕರೆ ಬಂತು. ಪಂಜಾಬಿನಲ್ಲಿ, ಚಳಿಗಾಲದಲ್ಲಿ, ಮೂರು ವಾರ. ಒಡೆದ ಅಂಗೈಗೆ ಎಣ್ಣೆ ಹಚ್ಚಿಕೊಂಡು ಆಡಿದೆವು. ಕೊನೆಯ ದಿನ ಗೋಡೆಗೆ ಪಟ್ಟಿ ಅಂಟಿಸಿದರು. ಒಂದೊಂದು ಜಾಗದ ಹೆಸರು, ಅದರ ಕೆಳಗೆ ಇಬ್ಬಿಬ್ಬರು. ನಾನು ಎಲ್ಲೂ ಇರಲಿಲ್ಲ. ಆಯ್ಕೆಗಾರರಲ್ಲಿ ಒಬ್ಬರನ್ನು ಧೈರ್ಯ ಮಾಡಿ ಕೇಳಿದೆ. ಒಳ್ಳೆಯ ಮನುಷ್ಯ, ಮುಚ್ಚಿಡದೆ ಹಿಂದಿಯಲ್ಲಿ ಹೇಳಿದರು: ನೀನು ಎಲ್ಲ ಜಾಗಕ್ಕೂ ಮೂರನೆಯವನು. ನಿನ್ನನ್ನು ಯಾವುದರ ಕೆಳಗೆ ಬರೆಯಲಿ?

ವಾಪಸು ಬಂದು ಕೋಚ್‌ಗೆ ಹೇಳಿದೆ. ಅವರು, "ತಪ್ಪು ನಂದೇ ಕಣೋ. ನಿನ್ನ ಒಂದ್ಕಡೆ ನಿಲ್ಲೋಕೆ ಬಿಡ್ಲಿಲ್ಲ ನಾನು" ಎಂದರು. ಮುಂದಿನ ಶನಿವಾರದ ಪಂದ್ಯದಲ್ಲಿ ಮತ್ತೆ ಖಾಲಿ ಇದ್ದ ಜಾಗಕ್ಕೇ ಕಳಿಸಿದರು. ಅವರಿಗೂ ಬೇರೆ ದಾರಿ ಇರಲಿಲ್ಲ.

ನನ್ನ ಹೆಂಡತಿ ಡಾಕ್ಟರ್. ನನ್ನ ತಂಗಿಯ ಪಿಯುಸಿ ಗೆಳತಿ. ಮನೆಗೆ ಬಂದಾಗಲೆಲ್ಲ ನನ್ನನ್ನು ಅಣ್ಣ ಎಂದು ಕರೆಯುತ್ತಿದ್ದವಳು. ಎಷ್ಟೋ ವರ್ಷದ ಮೇಲೆ ನಮ್ಮ ಮದುವೆಯ ಮಾತು ಬಂದಾಗ ಏನೆಂದು ಕರೆಯಬೇಕೋ ತಿಳಿಯದೆ ಆರು ತಿಂಗಳು ಏನೂ ಕರೆಯಲಿಲ್ಲ. ಫೋನಿನಲ್ಲಿ "ಹಲೋ, ಇದ್ದೀರಾ?" ಎಂದಷ್ಟೇ ಶುರುಮಾಡುತ್ತಿದ್ದಳು. ಮದುವೆಯಾದ ಎರಡನೆಯ ವರ್ಷ ಅವಳಿಗೆ ಐರ್ಲೆಂಡಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ನಾನು ಇಲಾಖೆಗೆ ರಾಜೀನಾಮೆ ಕೊಟ್ಟೆ. ಕಾಯಂ ನೌಕರಿ ಬಿಟ್ಟು ಹೆಂಡತಿಯ ಹಿಂದೆ ಹೋಗುತ್ತಾನೆ ಎಂದು ಕಚೇರಿಯಲ್ಲಿ ತಿಂಗಳುಗಟ್ಟಲೆ ಮಾತಾಯಿತಂತೆ. ಅವಳಿಗಾಗಿ ಬಿಟ್ಟೆ ಎಂದು ಎಲ್ಲರಿಗೂ ಹೇಳಿದೆ, ಅವಳಿಗೂ ಹೇಳಿದೆ. ನಿಜ ಬೇರೆ. ಮೂವತ್ತೆರಡರ ನನ್ನ ಕಾಲು ಆಗಲೇ ಅರ್ಧ ಹೆಜ್ಜೆ ನಿಧಾನವಾಗಿತ್ತು. ಕೋಚ್ ಎರಡು ಪಂದ್ಯಗಳಲ್ಲಿ ಸ್ಕೋರ್ ಪುಸ್ತಕ ಕೈಗೆ ಕೊಟ್ಟು ಬೆಂಚಿನ ಮೇಲೆ ಕೂರಿಸಿದ್ದರು. ಇನ್ನು ನಿವೃತ್ತಿಯವರೆಗೆ ಇಪ್ಪತ್ತೆಂಟು ವರ್ಷ ಆ ಕಚೇರಿಯ ಕುರ್ಚಿಯಲ್ಲೇ ಕೂರಬೇಕಿತ್ತು.

ಇಲ್ಲಿ ಕಿರಿಯ ಡಾಕ್ಟರುಗಳ ಬದುಕು ಬಿಡಾರದ ಬದುಕು. ಆರು ತಿಂಗಳಿಗೋ ವರ್ಷಕ್ಕೋ ಆಸ್ಪತ್ರೆ ಬದಲು, ಆಸ್ಪತ್ರೆ ಬದಲಾದರೆ ಮನೆ ಬದಲು. ಮೊದಲು ಡನ್‌ಡಾಕ್ ಎಂಬ ಊರಿನ ಕಡೆ ಇದ್ದೆವು. ಅಲ್ಲಿ ನಾನು ಒಂದು ಗೋದಾಮಿನಲ್ಲಿ ಡಬ್ಬ ಜೋಡಿಸಿದೆ, ನಾಲ್ಕು ತಿಂಗಳಿಗೆ ಬಿಟ್ಟೆ. ಒಂದು ಕಾಲೇಜಿನ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವುದರಿಂದ ಹಿಡಿದು ಗಲ್ಲಾದವರೆಗೆ ಎಲ್ಲ ಮಾಡಿದೆ, ಬಿಟ್ಟೆ. ಔಷಧಿ ಅಂಗಡಿಯವರ ವ್ಯಾನ್ ಓಡಿಸಿದೆ. ಹೋದಲ್ಲೆಲ್ಲ ಎರಡನೆಯ ವಾರಕ್ಕೆ, "ಇವನನ್ನ ಎಲ್ಲಿ ಹಾಕಿದ್ರೂ ನಡೆಯುತ್ತೆ" ಎನ್ನುತ್ತಿದ್ದರು. ಆ ಮಾತು ಕೇಳಿದ ಕೂಡಲೇ ನನಗೆ ಹೊರಡಬೇಕು ಅನ್ನಿಸುತ್ತಿತ್ತು.

ಮಗಳು ಹುಟ್ಟಿದ್ದು ಅಲ್ಲಿಯೇ. ಆಮೇಲೆ ಡಬ್ಲಿನ್. ಲೆಪರ್ಡ್ಸ್‌ಟೌನ್ ಹತ್ತಿರ ಬಾಡಿಗೆ ಮನೆ. ವಾರದ ದಿನಗಳಲ್ಲಿ ಒಂದು ಆಫೀಸ್ ಕಟ್ಟಡದ ರಿಸೆಪ್ಷನ್‌ನಲ್ಲಿ ಕೂರುತ್ತಿದ್ದೆ, ಕುದುರೆ ರೇಸ್ ಇದ್ದ ದಿನ ಟ್ರ್ಯಾಕಿಗೆ ಹೋಗುತ್ತಿದ್ದೆ. ಕುದುರೆಗಳು ಓಡಿ ಹೋದ ಮೇಲೆ ಗೊರಸಿಗೆ ಕಿತ್ತು ಬಂದ ಹುಲ್ಲಿನ ಹೆಂಟೆಗಳನ್ನು ಒಂದೊಂದಾಗಿ ಮತ್ತೆ ಗುಂಡಿಗೆ ಹಾಕಿ ತುಳಿಯುವ ಕೆಲಸ. ಒಂದು ರೇಸ್ ಮುಗಿದು ಇನ್ನೊಂದು ಶುರುವಾಗುವುದರೊಳಗೆ ಹತ್ತು ಹದಿನೈದು ಜನ ಸಾಲಾಗಿ ತುಳಿಯುತ್ತ ಹೋಗಬೇಕು. ಮಾಡಿದ ಕೆಲಸಗಳಲ್ಲಿ ನನಗೆ ಹಿಡಿಸಿದ್ದು ಅದೊಂದೇ. ಅಲ್ಲಿ ಯಾರೂ ನಿಲ್ಲುವ ಹಾಗಿರಲಿಲ್ಲ.

ಆಗ ನಾನಿದ್ದ ಜಾಗದಿಂದ ಕಾರಿನಲ್ಲಿ ಅರ್ಧ ಗಂಟೆ ದೂರದಲ್ಲಿ ಬೇಸ್‌ಬಾಲ್ ಮೈದಾನವಿತ್ತು. ಮೂರು ವರ್ಷ ನನಗೆ ಗೊತ್ತಾಗಲಿಲ್ಲ ಎಂದು ಹೇಳಿಕೊಳ್ಳುತ್ತೇನೆ. ಹುಡುಕಲಿಲ್ಲ ಎನ್ನುವುದೇ ಸರಿ. ನಾಲ್ಕು ಕೈಗವಸುಗಳ ಚೀಲ ಮನೆಯಿಂದ ಮನೆಗೆ ಬಂತು. ಒಮ್ಮೆಯೂ ಬಿಚ್ಚಲಿಲ್ಲ.

ಡಬ್ಲಿನ್‌ನಿಂದ ಕಿಲ್ಕೆನ್ನಿ ಎಂಬ ಊರಿಗೆ ಬಂದಾಗ ನನಗೆ ಮೂವತ್ತೇಳು, ಮಗಳಿಗೆ ನಾಲ್ಕೂವರೆ. ಅಲ್ಲಿ ಹರ್ಲಿಂಗ್ ಎಂಬ ಐರಿಷ್ ಆಟ ಬಿಟ್ಟು ಬೇರೆ ಮಾತಿಲ್ಲ. ಮಕ್ಕಳು ಶಾಲೆಗೆ ಹೋಗುವಾಗಲೂ ಕೈಯಲ್ಲಿ ಹರ್ಲಿ ಎಂಬ ಆ ಅಗಲ ತುದಿಯ ಮರದ ಕೋಲು. ಒಂದು ಶನಿವಾರ ಮಗಳನ್ನು ಕರೆದುಕೊಂಡು ಹರ್ಲಿಂಗ್ ಮೈದಾನದ ಬೇಲಿಯಾಚೆ ನಡೆಯುತ್ತಿದ್ದೆ. ದೊಡ್ಡವರ ಅಭ್ಯಾಸ ನಡೆದಿತ್ತು. ಒಂದು ಚೆಂಡು ಗೋಲು ಕಂಬದ ಮೇಲಿನಿಂದ ಹಾರಿ ಬಂದು ನನ್ನ ಕಾಲ ಬಳಿ ಬಿತ್ತು. ಎತ್ತಿಕೊಂಡೆ. ಬಿಳಿ ಚರ್ಮ, ಉಬ್ಬಿದ ಹೊಲಿಗೆ, ಮುಷ್ಟಿಯಲ್ಲಿ ಕೂರುವ ಗಾತ್ರ. ಐದು ವರ್ಷದಿಂದ ಚೆಂಡು ಮುಟ್ಟದ ಬೆರಳುಗಳು ತಾವಾಗಿಯೇ ಹೊಲಿಗೆಯ ಮೇಲೆ ಕೂತವು. ಬೇಲಿಯಾಚೆ, ಮೈದಾನದ ನಡುವೆ ಒಬ್ಬ ಕೈ ಎತ್ತಿ ನಿಂತಿದ್ದ. ಎರಡು ಹೆಜ್ಜೆ ಇಟ್ಟು ಎಸೆದೆ. ಚೆಂಡು ಎತ್ತರಕ್ಕೆ ಹೋಗದೆ ನೇರ ಗೆರೆಯಲ್ಲಿ ಹೋಗಿ ಅವನ ಎದೆಗೆ ಬಿತ್ತು. ಹಿಡಿದವನು ಒಂದು ಹೆಜ್ಜೆ ಹಿಂದೆ ಸರಿದ. ಮೈದಾನದಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ತೋಳು ಮೊಣಕೈಯಿಂದ ಭುಜದವರೆಗೆ ಉರಿಯುತ್ತಿತ್ತು. ಮಗಳು ನನ್ನ ಪ್ಯಾಂಟ್ ಹಿಡಿದುಕೊಂಡು, ನಾನೇನೋ ತಪ್ಪು ಮಾಡಿದೆ ಎಂಬಂತೆ, "ಸಾರಿ!" ಎಂದು ಅವರಿಗೆ ಕೂಗಿದಳು.

ಬೇಲಿಯ ಬಳಿ ಹುಲ್ಲು ಕೊಯ್ಯುತ್ತಿದ್ದ ಮುದುಕರೊಬ್ಬರು ಯಂತ್ರ ನಿಲ್ಲಿಸಿ ಬಂದರು. ನಿವೃತ್ತ ಪೋಸ್ಟ್‌ಮ್ಯಾನ್, ಆ ಮೈದಾನ ನೋಡಿಕೊಳ್ಳುವವರು ಎಂದು ಆಮೇಲೆ ತಿಳಿಯಿತು. ಅವರ ಕಿಲ್ಕೆನ್ನಿ ಇಂಗ್ಲಿಷ್ ನನಗೆ ಅರ್ಧವೇ ಅರ್ಥವಾಗುತ್ತಿತ್ತು.

"ಅದು ಫೌಲ್, ಗೊತ್ತಾ ನಿಂಗೆ?" ಎಂದರು. "ಈ ಆಟದಲ್ಲಿ ಚೆಂಡನ್ನ ಕೈಯಿಂದ ಎಸೆಯೋ ಹಾಗಿಲ್ಲ. ಕೋಲಲ್ಲಿ ಹೊಡೀಬೇಕು, ಇಲ್ಲಾಂದ್ರೆ ಅಂಗೈಯಲ್ಲಿ ತಟ್ಟಬೇಕು."

"ಕ್ಷಮಿಸಿ. ಗೊತ್ತಿರಲಿಲ್ಲ."

"ಕ್ಷಮೆ ಯಾಕೆ? ಅರವತ್ತು ವರ್ಷದಿಂದ ಈ ಮೈದಾನದಲ್ಲಿದ್ದೀನಿ, ಇಂಥ ಫೌಲ್ ನೋಡಿರಲಿಲ್ಲ. ಎಲ್ಲಿ ಕಲಿತೆ?"

ಹೇಳಿದೆ. ಅವರು ನಕ್ಕು, "ಇಂಡಿಯಾದಲ್ಲಾ?" ಎನ್ನಲಿಲ್ಲ. ಅವರ ತಮ್ಮನ ಮಗಳು ಅಮೆರಿಕದವನೊಬ್ಬನನ್ನು ಮದುವೆಯಾಗಿದ್ದಳು. ಅವನು ಡಬ್ಲಿನ್‌ನಲ್ಲಿ ಭಾನುವಾರಗಳಂದು ಬೇಸ್‌ಬಾಲ್ ಆಡುತ್ತಾನೆ ಎಂದು ಹೇಳಿ ಅವನ ನಂಬರ್ ಕೊಟ್ಟರು.

ಹೆಂಡತಿಗೆ ಹೇಳಿದಾಗ ಅವಳು ಅಕ್ಕಿ ತೊಳೆಯುತ್ತಿದ್ದಳು. ತಿರುಗಿಯೂ ನೋಡದೆ, "ಹೋಗು. ನೀನು ಮನೇಲಿ ಆ ಕಡೆಯಿಂದ ಈ ಕಡೆ ನಡೆದು ನಡೆದು ಕಾರ್ಪೆಟ್ ಸವೀತಾ ಇದೆ" ಎಂದಳು.

ಆ ಏಪ್ರಿಲ್‌ನಿಂದ ಭಾನುವಾರ ಬೆಳಿಗ್ಗೆ ಡಬ್ಲಿನ್ ರಸ್ತೆ ಹಿಡಿಯತೊಡಗಿದೆ. ತಂಡದ ಮ್ಯಾನೇಜರ್ ವೆನೆಜುವೆಲಾದ ಎಲೆಕ್ಟ್ರಿಷಿಯನ್, ಐವತ್ತು ದಾಟಿದವರು. ತಂಡದಲ್ಲಿ ಇಬ್ಬರು ಅಮೆರಿಕನ್ನರು, ಒಬ್ಬ ಜಪಾನಿ ಅಡುಗೆಯವ, ಉಳಿದವರು ಐರಿಷ್ ಹುಡುಗರು. ಮೊದಲ ದಿನ ಮ್ಯಾನೇಜರ್, "ಯಾವ ಜಾಗದಲ್ಲಿ ಆಡ್ತೀಯ?" ಎಂದು ಕೇಳಿದರು.

"ಎಲ್ಲಿ ಬೇಕಾದ್ರೂ" ಎಂದೆ. ಯೋಚಿಸಲೇ ಇಲ್ಲ. ಬಾಯಿಗೆ ಅದೇ ಬಂತು.

ಅವರ ಮುಖ ಅರಳಿತು. ಎಲ್ಲ ಮ್ಯಾನೇಜರುಗಳ ಮುಖವೂ ಆ ಉತ್ತರಕ್ಕೆ ಹಾಗೇ ಅರಳುತ್ತದೆ. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಎಂಟು ಜಾಗಗಳಲ್ಲಿ ಆಡಿದ್ದೆ. ಒಂದು ಪಂದ್ಯದಲ್ಲಿ ಮೂರು ಸಲ ಜಾಗ ಬದಲಿಸಿದೆ. ತಂಡದವರಿಗೆ ನನ್ನ ಮೇಲೆ ಪ್ರೀತಿ ಹುಟ್ಟಿತು. ನನಗೆ ಮಾತ್ರ ಕಿಲ್ಕೆನ್ನಿಗೆ ವಾಪಸು ಬರುವ ಒಂದೂವರೆ ಗಂಟೆ ಏನೋ ಚುಚ್ಚುತ್ತಿತ್ತು. ವರ್ಷದ ಕೊನೆಯ ಪಂದ್ಯದ ದಿನ, ಎಲ್ಲರೂ ಬ್ಯಾಟುಗಳನ್ನು ವ್ಯಾನಿಗೆ ತುಂಬುತ್ತಿರುವಾಗ ಮ್ಯಾನೇಜರನ್ನು ಬದಿಗೆ ಕರೆದೆ.

"ಬರೋ ವರ್ಷ ನಂಗೆ ಒಂದೇ ಜಾಗ ಕೊಡಿ. ಶಾರ್ಟ್‌ಸ್ಟಾಪ್."

"ನಿಂಗೆ ವಯಸ್ಸೆಷ್ಟು?"

"ಮೂವತ್ತೆಂಟು."

"ಅದು ಇಪ್ಪತ್ತೆರಡರ ಹುಡುಗರ ಜಾಗ."

"ಗೊತ್ತು. ಆ ವಯಸ್ಸಲ್ಲಿ ಯಾರೂ ಕೊಡಲಿಲ್ಲ."

ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಚಳಿಗಾಲದಲ್ಲಿ ಏನ್ ಮಾಡ್ತೀಯೋ ನೋಡ್ತೀನಿ" ಎಂದರು.

ಹರ್ಲಿಂಗ್ ಮೈದಾನಗಳ ಪಕ್ಕ ಒಂದು ಎತ್ತರದ ಸಿಮೆಂಟ್ ಗೋಡೆ ಇರುತ್ತದೆ, ಒಬ್ಬರೇ ಚೆಂಡು ಹೊಡೆದು ಅಭ್ಯಾಸ ಮಾಡಲು. ಪೋಸ್ಟ್‌ಮ್ಯಾನರನ್ನು ಕೇಳಿ, ನವೆಂಬರಿನಿಂದ ಮಾರ್ಚ್‌ವರೆಗೆ ಆ ಗೋಡೆಗೆ ಚೆಂಡು ಎಸೆದು ಹಿಡಿದೆ. ತಣ್ಣನೆ ಗಾಳಿ, ಸಣ್ಣ ಮಳೆ, ಹಸಿ ಚೆಂಡು. ಎಡಕ್ಕೆ ಐವತ್ತು, ಬಲಕ್ಕೆ ಐವತ್ತು. ಅವರು ಒಮ್ಮೊಮ್ಮೆ ಛತ್ರಿ ಹಿಡಿದು ಬಂದು ನಿಲ್ಲುತ್ತಿದ್ದರು. "ಕೋಲು ಕೊಡ್ಲಾ?" ಎಂದು ರೇಗಿಸುತ್ತಿದ್ದರು. ಮಾರ್ಚ್ ಹೊತ್ತಿಗೆ ಬಾಗಿದಾಗ ಸೊಂಟ ಮೊದಲಿಗಿಂತ ನಾಲ್ಕು ಇಂಚು ಕೆಳಗೆ ಹೋಗುತ್ತಿತ್ತು, ಗೋಡೆಯಿಂದ ವಾಪಸು ಬರುತ್ತಿದ್ದ ಚೆಂಡಿಗೆ ಕೈ ಮೊದಲೇ ಹೋಗಿ ಕಾಯುತ್ತಿತ್ತು. ಮ್ಯಾನೇಜರ್ ಮೊದಲ ಅಭ್ಯಾಸದ ದಿನ ಇಪ್ಪತ್ತು ನಿಮಿಷ ನನ್ನ ಕಡೆ ಚೆಂಡು ಹೊಡೆದರು. ಆಮೇಲೆ ಪಟ್ಟಿಯಲ್ಲಿ ಶಾರ್ಟ್‌ಸ್ಟಾಪ್ ಎದುರು ನನ್ನ ಹೆಸರು ಬರೆದರು.

ಆ ಬೇಸಿಗೆ ನಾನು ಶಾರ್ಟ್‌ಸ್ಟಾಪ್. ಹನ್ನೊಂದು ಪಂದ್ಯ, ಒಂದೇ ಜಾಗ. ಚೆನ್ನಾಗಿಯೇ ಆಡಿದೆ. ಆದರೆ ಎಂದುಕೊಂಡಿದ್ದ ನೆಮ್ಮದಿ ಬರಲಿಲ್ಲ. ಕಣ್ಣು ಸುಮ್ಮನಿರುತ್ತಿರಲಿಲ್ಲ. ಎಡಮೂಲೆಯವನು ತೀರಾ ಮುಂದೆ ಬಂದಿದ್ದಾನೆ, ಎರಡನೆಯ ಬೇಸಿನವನ ಕಾಲು ತಪ್ಪಾಗಿದೆ. ಎಲ್ಲರ ಜಾಗದ ಚಿಂತೆಯೂ ನನ್ನದೇ.

ಆಗಸ್ಟ್ ಕೊನೆಯಲ್ಲಿ ಸೆಮಿಫೈನಲ್ ಬಂತು. ಹೆಂಡತಿ, ಮಗಳು ಮೊದಲ ಸಲ ನೋಡಲು ಬಂದಿದ್ದರು. ಕೊನೆಯ ಸರದಿ, ನಾವು ಒಂದು ರನ್ ಮುಂದೆ, ಅವರ ಇಬ್ಬರು ಎರಡನೆಯ ಮತ್ತು ಮೂರನೆಯ ಬೇಸಿನಲ್ಲಿ, ಇನ್ನೊಂದೇ ಔಟ್ ಸಾಕು. ನಮ್ಮ ಮೂರನೆಯ ಬೇಸಿನ ಹುಡುಗ ಅಕೌಂಟೆಂಟ್. ಅವನ ಕಣಕಾಲು ಉಳುಕಿತ್ತು, ಯಾರಿಗೂ ಹೇಳಿರಲಿಲ್ಲ. ಅವನು ನಿಂತ ರೀತಿಯಿಂದಲೇ ನನಗೆ ಗೊತ್ತಾಗಿತ್ತು. ಅವನ ಕಡೆ ಬಂದರೆ ತಲುಪಲಾರ. ಚೆಂಡು ಪಿಚರನ ಕೈ ಬಿಡುವ ಮೊದಲು ನಾನು ಆ ಹುಡುಗನ ಕಡೆಗೆ ಎರಡು ಹೆಜ್ಜೆ ಸರಿದೆ. ಬ್ಯಾಟಿಗೆ ತಗುಲಿದ ಶಬ್ದ ಕೇಳಿತು. ಚೆಂಡು ನೆಲಕ್ಕೆ ತಗುಲಿ, ಜೋರೇನೂ ಇಲ್ಲದೆ, ಸುಮ್ಮನೆ ಉರುಳಿ, ನಾನು ಒಂದು ಕ್ಷಣದ ಹಿಂದೆ ನಿಂತಿದ್ದ ಜಾಗದ ಮೇಲೆಯೇ ಹಾದು ಹೋಯಿತು. ಹಾರಿಬಿದ್ದೆ. ಸಿಗಲಿಲ್ಲ. ಇಬ್ಬರೂ ಓಡಿ ಬಂದು ಎರಡು ರನ್ ಮಾಡಿದರು. ಸೋತೆವು.

ಯಾರೂ ಬಯ್ಯಲಿಲ್ಲ. ಮ್ಯಾನೇಜರ್ ಬೆನ್ನು ತಟ್ಟಿ ಹೋದರು. ಅಕೌಂಟೆಂಟ್ ಹುಡುಗ ಬಂದು, "ನನ್ನ ಕಾಲು ನಿಂಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದ. ನಾನು ಕೈಗವಸು ಬಿಚ್ಚಿ ಚೀಲಕ್ಕೆ ಹಾಕಿದೆ.

ವಾಪಸು ಬರುವಾಗ ಹೆಂಡತಿ ಕಾರು ಓಡಿಸಿದಳು. ಮಗಳು ಹಿಂದಿನ ಸೀಟಿನಲ್ಲಿ ಕ್ರಿಸ್ಪ್ಸ್ ತಿನ್ನುತ್ತಿದ್ದಳು. ಅವಳಿಗೆ ನಮ್ಮ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಕಿಲ್ಕೆನ್ನಿ ರಾಗದ ಇಂಗ್ಲಿಷಿನಲ್ಲಿ. ಸುಮಾರು ದೂರ ಬಂದ ಮೇಲೆ ಕೇಳಿದಳು: ಡ್ಯಾಡ್, ನೀನು ನಿಲ್ಲಬೇಕಾದ ಜಾಗದಲ್ಲಿ ಯಾಕೆ ಇರಲಿಲ್ಲ?

"ಇನ್ನೊಬ್ಬರಿಗೆ ಸಹಾಯ ಮಾಡೋಕೆ ಹೋಗಿದ್ದೆ ಪುಟ್ಟಿ."

ಅವರು ನಿನ್ನನ್ನ ಕರೆದ್ರಾ? ಎಂದಳು.

ಹೆಂಡತಿ ಕನ್ನಡಿಯಲ್ಲಿ ಅವಳನ್ನು ನೋಡಿ, "ಸುಮ್ನಿರು" ಎಂದಳು.

ಎರಡು ವಾರ ಕಳೆದು ಒಂದು ಬೆಳಿಗ್ಗೆ ಹೆಂಡತಿ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ನಾನು ಚಹಾ ಕುದಿಸುತ್ತ, ಡಬ್ಬಗಳನ್ನು ಆ ಕಪಾಟಿನಿಂದ ಈ ಕಪಾಟಿಗೆ ಇಡುತ್ತಿದ್ದೆ.

"ಇಲ್ಲೇ ಪರ್ಮನೆಂಟ್ ಪೋಸ್ಟ್ ಬಂದಿದೆ. ಅಪ್ಲೈ ಮಾಡ್ಲಾ?"

"ಮಾಡು. ಅದ್ರಲ್ಲಿ ಕೇಳೋದೇನಿದೆ?"

"ಕೇಳೋದಿದೆ. ಆ ಡಬ್ಬ ಇಟ್ಟು ಇಲ್ಲಿ ಕೂತ್ಕೋ."

ಕೂತೆ.

"ಡನ್‌ಡಾಕ್‌ನಲ್ಲಿದ್ದಾಗ ನನ್ನನ್ನ ಅಲ್ಲೇ ಇಟ್ಕೋತೀವಿ ಅಂದಿದ್ರು. ನಾಲ್ಕು ವರ್ಷದ ಕಾಂಟ್ರಾಕ್ಟ್. ನಾನೇ ಬೇಡ ಅಂದೆ."

ನನಗೆ ಮೊದಲು ಅರ್ಥವೇ ಆಗಲಿಲ್ಲ. "ಯಾವಾಗ?"

"ಪುಟ್ಟಿಗೆ ಎಂಟು ತಿಂಗಳಿದ್ದಾಗ. ನೀನು ಆ ವರ್ಷ ಮೂರನೇ ಕೆಲಸ ಬಿಟ್ಟಿದ್ದೆ. ಕಿಟಕಿ ಹತ್ರ ನಿಂತ್ಕೊಂಡು ರೋಡ್ ನೋಡ್ತಿದ್ದೆ, ದಿನಾ. ಇವನಿಗೆ ಇಲ್ಲಿ ಆಗ್ತಾ ಇಲ್ಲ, ಬೇರೆ ಊರಿಗೆ ಹೋದ್ರೆ ಸರಿಹೋಗ್ತಾನೆ ಅಂದ್ಕೊಂಡೆ. ಆಮೇಲೆ ಡಬ್ಲಿನ್‌ನಲ್ಲೂ ಹಂಗೇ ಇದ್ದೆ."

"ನಾನು ನಿನ್ನ ಕೆಲಸಕ್ಕೋಸ್ಕರ ಊರೂರು ಸುತ್ತಾ ಇದೀವಿ ಅಂದ್ಕೊಂಡಿದ್ದೆ."

"ನಾನು ನಿಂಗೋಸ್ಕರ ಅಂದ್ಕೊಂಡಿದ್ದೆ."

"ನನ್ನನ್ನ ಒಂದ್ ಮಾತು ಕೇಳಬಹುದಿತ್ತಲ್ಲ?"

"ಕೇಳಿದ್ರೆ ಏನಂತಿದ್ದೆ ನೀನು? ಇಲ್ಲಿಯವರ ಥರ ಗ್ರ್ಯಾಂಡ್, ಎಲ್ಲಾದ್ರೂ ಸರಿ ಅಂತಿದ್ದೆ. ಏಳು ವರ್ಷದಿಂದ ಅದನ್ನೇ ಕೇಳಿದ್ದೀನಿ. ನಿಂಗೆ ಎಲ್ಲಾದ್ರೂ ಸರಿ ಅಂದ್ರೆ ನಂಗೆ ಹೇಗೆ ಗೊತ್ತಾಗ್ಬೇಕು ಎಲ್ಲಿ ಸರಿ ಅಂತ?"

ಅವಳು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ರೋಗಿಯ ಮುಂದೆ ಮಾತಾಡುವ ದನಿಯಲ್ಲಿ ಹೇಳಿದಳು, ಅದೇ ನನಗೆ ತಡೆದುಕೊಳ್ಳಲಾಗಲಿಲ್ಲ. ಚಹಾ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಏಳಲು ಹೋದೆ. "ಬಿಡು, ಆಮೇಲೆ ಒರೆಸೋಣ" ಎಂದಳು. ಕೂತೇ ಇದ್ದೆ. ಆ ಐದು ನಿಮಿಷ ಕೂರುವುದು ನನಗೆ ಯಾವ ಪಂದ್ಯಕ್ಕಿಂತಲೂ ಕಷ್ಟವಾಯಿತು.

"ಇಲ್ಲಿ" ಎಂದೆ ಕೊನೆಗೆ.

"ಇಲ್ಲಿ ಅಂದ್ರೆ?"

"ಕಿಲ್ಕೆನ್ನಿ. ನಂಗೆ ಇಲ್ಲಿ ಇರ್ಬೇಕು. ಎಲ್ಲಾದ್ರೂ ಅಲ್ಲ."

ನಿಜವಾಗಿಯೂ ಹಾಗೆ ಅನ್ನಿಸಿತ್ತೋ, ಅವಳಿಗೆ ಒಂದು ಉತ್ತರ ಕೊಡಬೇಕು ಎಂದು ಹೇಳಿದೆನೋ, ಇವತ್ತಿಗೂ ಗೊತ್ತಿಲ್ಲ. ಹೇಳಿದ ಮೇಲೆ ಅದು ನಿಜದ ಹತ್ತಿರ ಬಂತು.

ಸಂದರ್ಶನದ ದಿನ ಅವಳು ಸೀರೆ ಉಡಲೋ ಸೂಟ್ ಹಾಕಲೋ ಎಂದು ಮೂರು ಸಲ ಬದಲಿಸಿದಳು. ಕೆಲಸ ಅವಳಿಗೇ ಆಯಿತು. ರಿಂಗ್ ರೋಡಿನ ಆಚೆ ಒಂದು ಸಾಲು ಮನೆಯಲ್ಲಿ ಈಗ ನಮ್ಮದೂ ಒಂದು. ನಾನು ಒಂದು ಶಾಲೆಯಲ್ಲಿ ಕೇರ್‌ಟೇಕರ್. ಬಾಯ್ಲರ್, ಬೀಗ, ಮುರಿದ ಡೆಸ್ಕು, ಆಟದ ಮೈದಾನದ ಹುಲ್ಲು, ಎಲ್ಲ ನನ್ನ ಪಾಲಿಗೆ. ಎರಡು ವರ್ಷ ತುಂಬಿತು. ಇಷ್ಟು ದಿನ ಒಂದು ಕೆಲಸದಲ್ಲಿ ನಾನಿದ್ದದ್ದು ಇಲಾಖೆ ಬಿಟ್ಟ ಮೇಲೆ ಇದೇ ಮೊದಲು. ಚಡಪಡಿಕೆ ಹೋಗಿದೆ ಎಂದು ಹೇಳಲಾರೆ. ಮನೆಗೆ ಬಂದ ಹೊಸದರಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇರುತ್ತಿದ್ದೆ. ಈಗಲೂ ಜುಲೈ ಬಂತೆಂದರೆ, ಡಾಕ್ಟರುಗಳು ಊರು ಬದಲಿಸುವ ಆ ತಿಂಗಳಲ್ಲಿ, ರಟ್ಟಿನ ಪೆಟ್ಟಿಗೆ ಕಂಡ ಕೂಡಲೇ ಏನಾದರೂ ತುಂಬಲೇ ಅನ್ನಿಸುತ್ತದೆ.

ಸೆಮಿಫೈನಲ್ ಸೋತ ಮೇಲೆ ಮ್ಯಾನೇಜರ್ ನನ್ನನ್ನು ಆ ಜಾಗದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ತೆಗೆಯಲಿಲ್ಲ. "ಆ ಎರಡು ಹೆಜ್ಜೆ ಯಾಕೆ ಇಟ್ಟೆ ಅಂತ ನಂಗೆ ಗೊತ್ತು. ಇನ್ನೊಂದ್ ಸಲ ಇಟ್ರೆ ತೆಗೀತೀನಿ" ಎಂದರು, ಅಷ್ಟೇ. ಮುಂದಿನ ವರ್ಷವೆಲ್ಲ ಅಲ್ಲೇ ಆಡಿದೆ. ನಲವತ್ತಕ್ಕೆ ಅದು ಸುಲಭವಲ್ಲ. ಪಂದ್ಯದ ಮರುದಿನ ಶಾಲೆಯ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯಬೇಕು.

ಈ ವರ್ಷದ ಮೇ ತಿಂಗಳ ಒಂದು ಭಾನುವಾರ. ನಮ್ಮ ಎಡಮೂಲೆಯ ಆಟಗಾರ ಬರಲಿಲ್ಲ, ಊರಿಗೆ ಹೋದವನ ವಿಮಾನ ತಡವಾಗಿತ್ತು. ಬದಲಿಗೆ ಇದ್ದವನು ತಂಡಕ್ಕೆ ಸೇರಿ ಮೂರೇ ವಾರವಾದ ಗಾಲ್ವೇ ಕಡೆಯ ಹುಡುಗ. ಕಾಲೇಜಿನಲ್ಲಿ ಶಾರ್ಟ್‌ಸ್ಟಾಪ್ ಆಡಿದ್ದವನು, ದೂರದ ಹುಲ್ಲಿನ ಮೇಲೆ ಯಾವತ್ತೂ ನಿಂತವನಲ್ಲ. ಎಲ್ಲರಿಗೂ ಲೆಕ್ಕ ಗೊತ್ತಿತ್ತು. ಅವನನ್ನು ನನ್ನ ಜಾಗಕ್ಕೆ ಹಾಕಿ ನನ್ನನ್ನು ಎಡಮೂಲೆಗೆ ಕಳಿಸಿದರೆ ತಂಡ ಸರಿಹೋಗುತ್ತದೆ. ಮ್ಯಾನೇಜರ್ ಪಟ್ಟಿ ಹಿಡಿದು ನನ್ನ ಮುಂದೆ ನಿಂತರು.

"ನಿರ್ಧಾರ ನಿಂದು. ನಾನು ಹೇಳಲ್ಲ" ಎಂದರು.

ನನ್ನ ಕಾಲು ಆಗಲೇ ಎಡಕ್ಕೆ ತಿರುಗಿತ್ತು. ಬಾಯಿಯಲ್ಲಿ ಹಳೆಯ ಉತ್ತರ ಸಿದ್ಧವಾಗಿತ್ತು.

"ನಾನು ಶಾರ್ಟ್‌ಸ್ಟಾಪ್ ಆಡ್ತೀನಿ" ಎಂದೆ.

ಅವರು ತಲೆಯಾಡಿಸಿ ಬರೆದುಕೊಂಡರು. ಆ ಹುಡುಗ ಎಡಮೂಲೆಯಲ್ಲಿ ಎರಡು ಚೆಂಡು ಬಿಟ್ಟ. ಎರಡನೆಯದು ಬಿದ್ದಾಗ ನಾನು ಓಡಲಿಲ್ಲ, ಅವನಿಂದ ಚೆಂಡು ಬರಬೇಕಾದ ಕಡೆ ಕೈ ಎತ್ತಿ ನಿಂತೆ. ಆ ಎರಡು ತಪ್ಪಿನಿಂದಲೇ ಪಂದ್ಯ ಹೋಯಿತು. ಮುಗಿದ ಮೇಲೆ ಅವನು ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಹೋಗಿ ಪಕ್ಕದಲ್ಲಿ ಕೂತೆ. ಅವನೇ, "ಮುಂದಿನ ವಾರ ಆ ಕಡೆ ಬಿಸಿಲಿಗೆ ಹೇಗೆ ನಿಲ್ಲಬೇಕು ಅಂತ ತೋರಿಸ್ತೀರಾ?" ಎಂದು ಕೇಳಿದ. ತೋರಿಸುತ್ತೇನೆ ಎಂದೆ. ಆಮೇಲೆ ಇಬ್ಬರೂ ಎದ್ದು ಬೇಸ್‌ಗಳನ್ನು ಕಿತ್ತು ವ್ಯಾನಿಗೆ ಹಾಕಿದೆವು.